ಚನ್ನವೀರಪ್ಪನವರ ಚೀನಿ ಬಂದ್

ಅಕ್ಕಿಆಲೂರಿನ ಅಕ್ಕಿ ವ್ಯಾಪಾರಿ ಚನ್ನವೀರಪ್ಪನವರು ಒಂದು ಮುಂಜಾನೆ ಇಡೀ ಚೀನಾ ದೇಶದ ಮೇಲೆ ಯುದ್ಧ ಸಾರಿದರು. ಕಾರಣ, ಒಂದು ಸೊಳ್ಳೆ ಬ್ಯಾಟು! ಸಂತೆಯಲ್ಲಿ ಕೊಂಡ ಆ ಬ್ಯಾಟು ಮೂರನೆಯ ಏಟಿಗೇ ಪ್ರಾಣ ಬಿಟ್ಟಿತು. ಸೊಳ್ಳೆ ಬಿಡಲಿಲ್ಲ.

"ಇನ್ನ ಮ್ಯಾಲೆ ಒಂದ ಚೀನಿ ಸಾಮಾನೂ ಈ ಹೊಸ್ತಿಲಾ ದಾಟಂಗಿಲ್ಲ!"

ಆ ಗುಡುಗಿಗೆ ಹಾನಗಲ್ಲಿನ ಕೆರೆಯ ಕೊಕ್ಕರೆಗಳು ಎದ್ದು ಹಾರಿ ಸವಣೂರಿನ ದೊಡ್ಡ ಹುಣಸೆ ಮರದಲ್ಲಿ ಕುಳಿತವಂತೆ. ಎಲ್ಲರ ಹಾಗೆ 'ಚೀನಾ' ಎನ್ನುವುದು ಅವರಿಗೆ ಸಪ್ಪೆ ಎನಿಸುತ್ತಿತ್ತು. ಹಿಂದಿ ಟೀವಿಯ ಚರ್ಚೆ ನೋಡಿ ನೋಡಿ ಗತ್ತಿನಿಂದ 'ಚೀನಿ' ಎನ್ನಲು ಕಲಿತಿದ್ದರು.

"ದೇಶದ ಕತಿ ಆಮ್ಯಾಲ ನೋಡೂಣು," ಎಂದರು ಹೆಂಡತಿ ಮಹಾದೇವಕ್ಕ. "ಸಂಜಿಕೆ ಹಿರೇಕೆರೂರಿನವ್ರು ನಮ್ಮ ಐಶ್ವರ್ಯನ್ನ ನೋಡಾಕ ಬರಾಕತ್ತಾರ. ಹ್ವಾದ ಸಂಬಂಧ ಯಾರ ಬಾಯಿಂದ ಮುರೀತು, ನೆನಪೈತಿಲ್ಲೊ?"

ನೆನಪಿತ್ತು. ಆ ವರನ ತಂದೆಯ ಕೈಗಡಿಯಾರ ನೋಡಿ ಇವರು "ಚೀನಿ ಮಾಲು, ಬಾಳಿಕಿ ಬರಂಗಿಲ್ಲ" ಎಂದಿದ್ದರು. ಗಡಿಯಾರ ಇನ್ನೂ ನಡೆಯುತ್ತಿದೆ. ಸಂಬಂಧ ಅಂದೇ ನಿಂತಿತು.

"ಇವತ್ತರೆ ಬಾಯಿಗೆ ಚಿಲಕ ಹಾಕ್ಕೊಂಡು ಕುಂದರ್ರಿ. ಈಗ ಹೋಗಿ ಈ ಚೀಟಿ ಹಯಾತನ ಅಂಗಡ್ಯಾಗ ಕೊಟ್ಟು ಬರ್ರಿ. ಸಕ್ಕರಿ ಡಬ್ಬಿ ತಳಾ ಕಂಡೈತಿ."

ಹಯಾತನ ಕಿರಾಣಿ ಅಂಗಡಿಯಲ್ಲಿ ತೋರಣದಂತೆ ಜೋತುಬಿದ್ದ ಚೀನಾ ಟಾರ್ಚುಗಳನ್ನು ಕಂಡೊಡನೆ ಚಿಲಕ ಕಳಚಿತು.

"ಹಯಾತ, ಇವತ್ತಿಂದ ನಮ್ಮ ಮನಿಗೆ ಚೀನಿ ಬಂದ್! ಚೂರೂ ಕಳಸಬ್ಯಾಡ!"

ಹಯಾತನ ಮನೆಮಾತು ಉರ್ದು. ಅದರಲ್ಲಿ ಚೀನಿ ಎಂದರೆ ಸಕ್ಕರೆ!

"ಯಾ ಅಲ್ಲಾ! ಯಾವಾಗಿಂದ್ರಿ ಸಾವ್ಕಾರ್ರ?"

"ಭಾಳ ವರ್ಷದಿಂದ ಒಳಗೊಳಗ ಹೊಕ್ಕೈತಿ. ನಮಗ ತಿಳೀಲೇ ಇಲ್ಲ!"

"ಡಾಕ್ಟರು ಏನಂದ್ರು?"

"ಡಾಕ್ಟರ್ ಏನಂದಾನು? ಅವನ ಮನ್ಯಾಗೂ ಅದ ತುಂಬೈತಿ!"

ಹಯಾತನ ಕಣ್ಣು ತೇವವಾಯಿತು. ಸಾಹುಕಾರರು ಹೋದ ಮೇಲೆ ಚೀಟಿಯಲ್ಲಿದ್ದ ಎರಡು ಕಿಲೋ ಸಕ್ಕರೆಯನ್ನು ಹೊಡೆದುಹಾಕಿ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು, ಸ್ನೇಹಕ್ಕೆ ಎರಡು ಕಿಲೋ ಮೆಂತ್ಯೆ ಕಟ್ಟಿಟ್ಟ.

ಸಾಮಾನು ಮನೆ ಮುಟ್ಟಿದ್ದು ಸಂಜೆಗೆ, ಬೀಗರಾಗಬೇಕಾದವರ ಬೆನ್ನಿಗೇ. "ಸಕ್ಕರಿ ಎಲ್ರಿ? ಈ ಮೆಂತ್ಯೆ ಯಾರ ಬಾಣಂತನಕ್ಕ?" ಎಂದು ಮಹಾದೇವಕ್ಕ ಅಡುಗೆಮನೆಯಲ್ಲೇ ಹಲ್ಲು ಕಡಿದರು. ಡಬ್ಬಿಯ ತಳ ಕೆರೆದು ಸಿಕ್ಕ ಎರಡು ಚಮಚೆಯನ್ನು ಶಾಸ್ತ್ರಕ್ಕೆ ಉದುರಿಸಿ, ಶಿರಾವನ್ನು ತಂದಿಟ್ಟರು.

ವರನ ತಂದೆ ಮೃತ್ಯುಂಜಯಪ್ಪನವರದು ಹಿರೇಕೆರೂರಿನಲ್ಲಿ ಔಷಧಿ ಅಂಗಡಿ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮಹಾದೇವಕ್ಕನ ಜೀವ ಬಾಯಿಗೆ ಬಂತು.

"ನನಗ ಸಕ್ಕರಿ ಬ್ಯಾನಿ ಐತ್ರಿ ಅಕ್ಕಾರ. ಹದಿನೈದು ಕಡೆ ಕನ್ಯಾ ನೋಡಿದ್ವಿ. ಎಲ್ಲಾರೂ ಶಿರಾ ತಿನ್ನಿಸೇ ನನ್ನ ಕೊಲ್ಲಾಕ ನೋಡಿದ್ರು! ಸಪ್ಪನ ಶಿರಾ ಮಾಡಿದವ್ರು ನೀವ ಮೊದಲ. ಹುಡುಗಿ ನಮ್ಮ ಮನಸಿಗೆ ಬಂದಾಳ. ಇಂಥಾ ಮನಿ ಬಿಡಂಗಿಲ್ಲ!"

ನಮಸ್ಕಾರ ಮಾಡಿ ಒಳಗೆ ಹೋಗಿದ್ದ ಐಶ್ವರ್ಯಳ ಬಳೆ ಬಾಗಿಲ ಹಿಂದೆ ಸದ್ದಾಯಿತು.

"ಮನಿ ಕೇಳಾಕ ಅಂಗಡ್ಯಾಗ ನಿಂತಾಗ ಹಯಾತಸಾಬ್ರು ಹೇಳಿದ್ರು, ನಿಮಗೂ ಐತಂತ," ಎನ್ನುತ್ತ ಮೃತ್ಯುಂಜಯಪ್ಪ ಚೀಲದಿಂದ ಸಕ್ಕರೆ ನೋಡುವ ಪುಟ್ಟ ಯಂತ್ರ ತೆಗೆದರು. ಚನ್ನವೀರಪ್ಪ "ಅಲ್ರೀ..." ಎನ್ನುವಷ್ಟರಲ್ಲಿ ಸೂಜಿ ಬೆರಳಿಗಿಳಿದಿತ್ತು.

ಎರಡುನೂರಾ ಎಂಬತ್ತಾರು, ಇರಬೇಕಾದದ್ದರ ಎರಡರಷ್ಟು!

ಚನ್ನವೀರಪ್ಪನವರು ಯಂತ್ರ ತಿರುವಿದರು. ಬೆನ್ನ ಮೇಲೆ ಸಣ್ಣಕ್ಷರ: 'ಮೇಡ್ ಇನ್ ಚೈನಾ'.

"ಮಾಲು ಹೆಂಗನಸ್ತೈತ್ರಿ? ನಮ್ಮ ಅಂಗಡ್ಯಾಗ ಇದ ಓಡ್ತೈತಿ," ಎಂದರು ಮೃತ್ಯುಂಜಯಪ್ಪ.

ಇದು ಸುಳ್ಳು ಹೇಳುವ ಡಬ್ಬಿ ಎಂದರೆ ಮಗಳ ಸಂಬಂಧ ಹೋಗುತ್ತದೆ. ಸಾಚಾ ಮಾಲು ಎಂದರೆ ಎರಡುನೂರಾ ಎಂಬತ್ತಾರೂ ಸಾಚಾ! ಚನ್ನವೀರಪ್ಪನವರು ಹೆಂಡತಿಯ ಕಡೆ ನೋಡಿದರು. ಆ ಎರಡು ಕಣ್ಣುಗಳ ಮುಂದೆ ಸೂಜಿ ಎಷ್ಟೋ ಮೆತ್ತಗಿತ್ತು.

"ಭಾ... ಭಾರೀ ಮಾಲು ರೀ!" ಎಂದರು. "ಕಲ್ಲ ಮ್ಯಾಲೆ ಒಗೆದ್ರೂ ಸುಳ್ಳ ಹೇಳಂಗಿಲ್ಲ!"

"ಹಂಗಾರ ಬೀಗತನ ಪಕ್ಕಾ! ಎಲ್ಲಾರೂ ಬಾಯಿ ಸಿಹಿ ಮಾಡ್ಕೋರಿ," ಎಂದು ಮೃತ್ಯುಂಜಯಪ್ಪ ಪೇಡೆಯ ಡಬ್ಬಿ ಬಿಚ್ಚಿದರು. ಚನ್ನವೀರಪ್ಪನವರು ಬಾಯಿ ತೆರೆದರು. ಡಬ್ಬಿ ಅವರ ಮೂಗಿನ ಮುಂದೆಯೇ ಹಾದು ಮುಂದೆ ಹೋಯಿತು.

"ಅವರ ಪಾಲಿಂದೂ ಇತ್ತ ಹಾಕ್ರಿ ಅಣ್ಣಾರ," ಎಂದು ಮಹಾದೇವಕ್ಕ ಎರಡೂ ಕೈ ಒಡ್ಡಿದರು.