ಅಪ್ಪ ಬೀರುವಿನಲ್ಲಿದ್ದಾರೆ

ಎಲ್ಲ ಅನಾಹುತಕ್ಕೂ ಮೂಲ ಶಿಶುವಿಹಾರದ ನೀರಿನ ಟ್ಯಾಂಕು. ಬೆಳಿಗ್ಗೆ ಅದು ಒಡೆದು, "ಇವತ್ತು ಮಗೂನ ಕಳಿಸ್ಬೇಡಿ ಸಾರ್" ಎಂದು ಆಯಾ ಫೋನ್ ಮಾಡಿದಾಗ ಲಿಫ್ಟಪ್ಪ ಒಂದು ಕೈಯಲ್ಲಿ ಮಗಳ ಬೂಟನ್ನೂ ಇನ್ನೊಂದು ಕೈಯಲ್ಲಿ ಮಗನ ಕಾಲನ್ನೂ ಹಿಡಿದು ನಿಂತಿದ್ದ. ಬಿಟ್ಟರೆ ಎರಡೂ ಕೈಗೆ ಸಿಗುವಂಥವಲ್ಲ.

ಲಿಫ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಕ್ಕಪಕ್ಕದ ಮನೆಯವರ ಕೊಡುಗೆ. ಅವನದು ದನಿಯ ಕಸುಬು. ಅವನಿರುವ ಕಟ್ಟಡದ ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ" ಎನ್ನುವುದು ಅವನೇ. ಬ್ಯಾಂಕಿಗೆ ಫೋನ್ ಮಾಡಿದವರಿಗೆ "ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ" ಎನ್ನುವುದೂ ಅವನೇ. ಅವನೊಂದು ಮಾತು ಹೇಳಿದರೆ ಊರಿಗೆ ಊರೇ ತೆಪ್ಪಗೆ ಕಾಯುತ್ತಿತ್ತು. ಮನೆಯಲ್ಲಿ ಮಾತ್ರ ನಾಲ್ಕು ವರ್ಷದ ಮಗಳಾಗಲಿ ಒಂದೂವರೆ ವರ್ಷದ ಮಗನಾಗಲಿ ಅವನ ಮಾತಿಗೆ ಚಾಕಲೇಟಿನ ಸಿಪ್ಪೆಯಷ್ಟೂ ಬೆಲೆ ಕೊಟ್ಟವರಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಅವನ ಸಮಾಧಾನವನ್ನೂ ಕೇಳುವವರಿರಲಿಲ್ಲ.

ಈಚೆಗೆ ಲಿಫ್ಟುಗಳೂ ಬ್ಯಾಂಕುಗಳೂ ಹೊಸ ದನಿ ಕೇಳುವುದನ್ನು ಬಿಟ್ಟಿದ್ದವು. ಉಳಿದಿದ್ದು ಒಂದೇ ಆಸೆ: ಹೊಟ್ಟೆ ಒತ್ತಿದರೆ ಕಥೆ ಹೇಳಿ ಮಕ್ಕಳನ್ನು ಮಲಗಿಸುವ ಗೊಂಬೆಯೊಂದನ್ನು ತಯಾರಿಸುವ ಕಂಪನಿ. ಒಂದು ಕಥೆ ಓದಿ ಕಳಿಸಿ, ಒಪ್ಪಿಗೆಯಾದರೆ ಮುಂದಿನದ್ದೆಲ್ಲ ನಿಮ್ಮದೇ ಎಂದಿದ್ದರು. ಗಡುವು ಇಂದು ಸಂಜೆ ಐದು.

"ಇದೂ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಅಣ್ಣನ ಅಂಗಡೀಲಿ ಕೂರ್ತೀರಾ ತಾನೇ?" ಹೆಂಡತಿ ಕೆಲಸಕ್ಕೆ ಹೊರಡುತ್ತ ನೆನಪಿಸಿದಳು. ಅವಳ ಅಣ್ಣನದು ಹಾಸಿಗೆ ಅಂಗಡಿ. ಇಡೀ ದಿನ ಹಾಸಿಗೆಗಳ ನಡುವೆ ಇದ್ದೂ ಒಂದರ ಮೇಲೂ ಒರಗುವಂತಿಲ್ಲ.

"ಆಗುತ್ತೆ ಕಣೇ. ಮಕ್ಕಳನ್ನ ಮಲಗಿಸೋದು ಅಂದ್ರೆ ಎಷ್ಟು ಮಹಾ?"

ಹೆಂಡತಿ ಮಕ್ಕಳ ಕಡೆ ನೋಡಿ, ಆಮೇಲೆ ಇವನ ಕಡೆ ನೋಡಿ, ಬಾಗಿಲೆಳೆದುಕೊಂಡು ಹೋದಳು.

ಲಿಫ್ಟಪ್ಪನ ಸ್ಟುಡಿಯೋ ಎಂದರೆ ಮಲಗುವ ಕೋಣೆಯ ಗೋಡೆ ಬೀರು. ತೂಗುಹಾಕಿದ ಕೋಟು, ಕಂಬಳಿಗಳ ನಡುವೆ ನುಗ್ಗಿ ಸ್ಟೂಲಿನ ಮೇಲೆ ಕುಳಿತರೆ ದನಿ ಗುಂಯ್‌ಗುಡುವುದಿಲ್ಲ. ಮಂಡಿ ಗದ್ದಕ್ಕೆ ತಾಗುತ್ತಿತ್ತು, ಅಷ್ಟೇ. ದೊಡ್ಡ ದೊಡ್ಡ ಕಲಾವಿದರೂ ಕಷ್ಟಪಟ್ಟೇ ಮೇಲೆ ಬಂದವರು ಎಂದುಕೊಂಡು ಅವನು ಅಂಗೈಯಗಲದ ರೆಕಾರ್ಡರನ್ನು ಎದುರಿಗಿಟ್ಟುಕೊಂಡ.

"ಒಂದಾನೊಂದು ಕಾಲದಲ್ಲಿ ಒಂದು ಬಸವನಹುಳು ನಿಧಾನವಾಗಿ ಮನೆಗೆ ಹೊರಟಿತು..."

ಅಡುಗೆಮನೆಯಲ್ಲಿ ಢಣಾರ್ ಎಂದಿತು. ಮಗ ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಬಾರಿಸುತ್ತಿದ್ದ. ಸೌಟು ಕಿತ್ತುಕೊಂಡರೆ ಅಳು, ಕೊಟ್ಟರೆ ತಮಟೆ. ಬದಲಿಗೆ ಕೊಟ್ಟ ಬಾಳೆಹಣ್ಣು ಸದ್ದು ಮಾಡಲಿಲ್ಲ, ನಿಜ. ಆದರೆ ಮರುಗಳಿಗೆ ಅದು ಸೋಫಾದ ಸಂದಿಯಲ್ಲಿ ಸೇರಿಕೊಂಡಿತ್ತು.

ಎರಡನೇ ಸಲ ಬಸವನಹುಳು ಹೊಸ್ತಿಲವರೆಗೆ ಹೋಗಿತ್ತು. ಬೀರುವಿನ ಬಾಗಿಲು ತೆರೆದು ಮಗಳು ಇಣುಕಿದಳು.

"ಅಪ್ಪಾ, ಸುಸ್ಸು."

"ಹೋಗು ಪುಟ್ಟೀ, ನಿಂಗೆ ಹೋಗೋಕೆ ಬರುತ್ತಲ್ಲ?"

"ಹೋಗ್ಬೇಕಿಲ್ಲ. ಆಗೋಯ್ತು."

ಮೂರನೇ ಸಲ ಬಸವನಹುಳು ಅರ್ಧ ದಾರಿಗೆ ಬಂದಾಗ ನೆಲದಡಿಯಿಂದ ಟಕ್ ಟಕ್ ಟಕ್ ಎಂದು ಕೇಳಿಸಿತು. ಕೆಳಮನೆಯಮ್ಮ ಪೊರಕೆಯ ಹಿಡಿಯಿಂದ ತಮ್ಮ ಸೂರನ್ನು ಕುಟ್ಟುತ್ತಿದ್ದರು. ಆಕೆ ನಿವೃತ್ತಿಯಾದ ಮೇಲೆ ಪೂರ್ಣಾವಧಿ ದೂರುದಾರರಾಗಿದ್ದರು. ಪಂಪಿನ ಸದ್ದು, ಪಾರಿವಾಳದ ಹಿಕ್ಕೆ, ಬೈಕು ನಿಲ್ಲಿಸುವ ಜಾಗ, ಲಿಫ್ಟಪ್ಪನ ಮಕ್ಕಳ ಪಾದ, ಹೀಗೆ ಅವರ ದೂರು ಮುಟ್ಟದ ವಸ್ತು ಆ ಕಟ್ಟಡದಲ್ಲಿರಲಿಲ್ಲ. ಅವರು ಎದುರಾದರೆ ಜನ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು.

ಮಧ್ಯಾಹ್ನ ಊಟವಾಗಿ ಮಗ ಹೇಗೋ ನಿದ್ದೆಹೋದ. ಮಗಳ ಕೈಗೆ ಲಿಫ್ಟಪ್ಪ ತನ್ನ ಫೋನು ಕೊಟ್ಟು, ಕಾರ್ಟೂನು ಹಚ್ಚಿ, "ಅಪ್ಪ ಕೆಲಸಕ್ಕೆ ಹೋಗ್ತಾರೆ, ಮಾತಾಡಿಸ್ಬಾರ್ದು" ಎಂದು ತಾಕೀತು ಮಾಡಿ ಬೀರುವಿಗೆ ಹೊರಟ. ಈ ಸಲ ಬಸವನಹುಳುವಿಗೆ ದಾರಿಯಲ್ಲಿ ಯಾವ ವಿಘ್ನವೂ ಬರಲಿಲ್ಲ. ಅದು ಮನೆ ಸೇರಿತು, ಚಿಪ್ಪಿನೊಳಗೆ ಮಲಗಿತು, ನಕ್ಷತ್ರಗಳು ಅದಕ್ಕೆ ಶುಭರಾತ್ರಿ ಹೇಳಿದವು. ತನ್ನ ದನಿಗೆ ತಾನೇ ಕಣ್ಣು ತೇವ ಮಾಡಿಕೊಂಡು ಲಿಫ್ಟಪ್ಪ ರೆಕಾರ್ಡರಿನತ್ತ ಕೈ ಚಾಚಿದ.

ಅಷ್ಟರಲ್ಲಿ, ಗಾಳಿಗೆಂದು ಸಂದಿ ಬಿಟ್ಟಿದ್ದ ಬೀರುವಿನ ಬಾಗಿಲು ಮುಚ್ಚಿತು. ಕಗ್ಗತ್ತಲು. ಕಟಕ್ ಎಂದು ಬೀಗದ ಕೈ ತಿರುಗಿತು. ಹೊರಗೆ, ನಿದ್ದೆಯಿಂದ ಎದ್ದುಬಂದ ಮಗನ ನಗು ಕೇಳಿಸಿತು.

ದಿನವೆಲ್ಲ ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎಂದು ಜಗತ್ತಿಗೇ ಎಚ್ಚರಿಕೆ ಕೊಡುವವನಿಗೆ ಯಾರೂ ಒಂದು ಮಾತು ಹೇಳಲಿಲ್ಲ.

"ಕಂದಾ, ಬೀಗದ ಕೈ ಆ ಕಡೆ ತಿರುಗ್ಸು. ಜಾಣ ಅಲ್ವಾ?"

ಜಾಣ ಬೀಗದ ಕೈಯನ್ನು ಕಿತ್ತುಕೊಂಡು ಹೊರಟುಹೋದ.

"ಪುಟ್ಟೀ! ಅಪ್ಪನ್ನ ಆಚೆಗೆ ಬಿಡು ಪುಟ್ಟೀ!"

ಮಗಳು ಉತ್ತರ ಕೊಡಲಿಲ್ಲ. ಕೆಲಸಕ್ಕೆ ಹೋದವರ ಜೊತೆ ಮಾತಾಡಬಾರದು ಎಂದು ಅವನೇ ಹೇಳಿದ್ದ; ಜನ್ಮದಲ್ಲಿ ಮೊದಲ ಸಲ ಅವಳು ಅಪ್ಪನ ಮಾತು ಕೇಳುತ್ತಿದ್ದಳು.

ಲಿಫ್ಟಪ್ಪ ಹೆಗಲು ಕೊಟ್ಟು ಗುದ್ದಿದ. ಬೀರು ಅಲುಗಲಿಲ್ಲ, ಕೆಳಮನೆಯ ಫ್ಯಾನು ಅಲುಗಿತು. ಸ್ವಲ್ಪ ಹೊತ್ತಿಗೆ ಮನೆಯ ಕರೆಗಂಟೆ ಮೊಳಗಿತು. ಮಗಳು ಕುರ್ಚಿ ಎಳೆದುಕೊಂಡು ಹೋಗಿ ಬಾಗಿಲು ತೆರೆದದ್ದು ಅವನಿಗೆ ಕೇಳಿಸಿತು.

"ಎಲ್ಲಿ ನಿಮ್ಮಪ್ಪ? ಕರಿ ಅವರನ್ನ."

"ಅಪ್ಪ ಬೀರುವಲ್ಲಿದ್ದಾರೆ, ಅಜ್ಜಿ."

"ಬೀರುವಲ್ಲಿ ಏನ್ಮಾಡ್ತಿದ್ದಾರೆ?"

"ಕೆಲಸಕ್ಕೆ ಹೋಗಿದ್ದಾರೆ."

ಕೆಳಮನೆಯಮ್ಮನ ಹೆಜ್ಜೆ ಕೋಣೆಗೆ ಬಂತು. "ಏನ್ರೀ ಇದು, ಈ ವಯಸ್ಸಲ್ಲಿ?"

"ಆಂಟಿ, ಚಿಕ್ಕೋನು ಬೀಗ ಹಾಕ್ಬಿಟ್ಟ. ಬೀಗದ ಕೈ ಅವನ ಹತ್ರಾನೇ ಇರುತ್ತೆ, ಸ್ವಲ್ಪ ನೋಡಿ."

ಮಗನ ಹತ್ತಿರ ಎರಡು ಬಿಸ್ಕತ್ತು, ಒಂದು ಗುಂಡಿ, ಅರ್ಧ ಬಳಪ ಸಿಕ್ಕಿದವು. ಬೀಗದ ಕೈ ಸಿಗಲಿಲ್ಲ. ಗಲಾಟೆ ಕೇಳಿ ಎದುರುಮನೆಯ ಕಸರತ್ತು ಮಾಸ್ತರ ಬಂದ. ಜನರಿಗೆ ತೂಕ ಎತ್ತಿಸುವುದು ಅವನ ವೃತ್ತಿ. "ಇಷ್ಟೇ ತಾನೇ? ಎಲ್ರೂ ಹಿಂದೆ ಸರೀರಿ" ಎಂದು ಹಿಡಿಯನ್ನು ಎರಡೂ ಕೈಯಿಂದ ಎಳೆದ. ಹಿಡಿ ಬಂತು. ಬಾಗಿಲು ಬರಲಿಲ್ಲ. "ನಾನು ಬಡಗಿಯನ್ನ ಕರ್ಕೊಂಡು ಬರ್ತೀನಿ" ಎಂದವನು ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದ.

ಕೆಳಮನೆಯಮ್ಮ ಹೆಂಡತಿಗೆ ಫೋನು ಹಚ್ಚಿದರು. "ಗಾಬರಿಯಾಗ್ಬೇಡಮ್ಮಾ, ಮಕ್ಕಳು ಚೆನ್ನಾಗಿವೆ. ನಿನ್ನ ಗಂಡ ಬೀರುವಲ್ಲಿದ್ದಾರೆ... ಅಲ್ಲ, ಒಳಗೇ ಕೂತಿದ್ದಾರೆ... ಇಲ್ಲ, ಬೀಗ ನಾನು ಹಾಕಿಲ್ಲ, ಹಾಕೋ ಹಾಗಿದ್ರೆ ಎರಡು ವರ್ಷದ ಹಿಂದೇನೇ ಹಾಕ್ತಿದ್ದೆ."

ಇಷ್ಟು ಹೊತ್ತು ತಮಾಷೆಯಾಗಿದ್ದದ್ದು ಈಗ ಮಕ್ಕಳಿಗೂ ಸಾಕಾಯಿತು. ಮಗ ಶುರು ಮಾಡಿದ, ಮಗಳು ದನಿಗೂಡಿಸಿದಳು. ಲಿಫ್ಟಪ್ಪ ಬಾಗಿಲ ಸಂದಿಗೆ ಬಾಯಿಟ್ಟು ಬಸವನಹುಳುವಿನ ಕಥೆ ಶುರು ಮಾಡಿದ, ಅಳು ಇಮ್ಮಡಿಯಾಯಿತು.

"ನೀವು ಸುಮ್ನಿರ್ರೀ" ಎಂದರು ಕೆಳಮನೆಯಮ್ಮ. ಮಂಚ ಕಿರುಗುಟ್ಟಿತು. ಎರಡನ್ನೂ ಎರಡು ಪಕ್ಕ ಹಾಕಿಕೊಂಡು ಕೂತಿದ್ದಿರಬೇಕು. "ನೋಡಿ ಮಕ್ಕಳೇ, ಈ ಪಂಪಿನ ವಿಚಾರ ನಾನು ಹೋದ ವರ್ಷಾನೇ ಹೇಳಿದ್ದೆ. ಮೊದಲು ಕಾರ್ಯದರ್ಶಿಗೆ ಹೇಳ್ದೆ. ಕಾರ್ಯದರ್ಶಿ ಏನಂದ್ರು? ಅಧ್ಯಕ್ಷರಿಗೆ ಹೇಳಿ ಅಂದ್ರು. ಅಧ್ಯಕ್ಷರಿಗೆ ಹೇಳ್ದೆ. ಅಧ್ಯಕ್ಷರೇನಂದ್ರು? ಕಾರ್ಯದರ್ಶಿಗೆ ಹೇಳಿ ಅಂದ್ರು. ಸರಿ, ಮತ್ತೆ ಕಾರ್ಯದರ್ಶಿಗೆ ಹೇಳ್ದೆ..."

ಏರಿಲ್ಲ, ಇಳಿವಿಲ್ಲ. ಹಳೇ ಫ್ಯಾನು ತಿರುಗಿದಂತೆ ದೂರು ತಿರುಗುತ್ತಿತ್ತು. ಪಂಪು ಮುಗಿದು ಪಾರಿವಾಳ ಬಂತು. ಮಗಳ ಬಿಕ್ಕು ನಿಂತಿತು. ಪಾರಿವಾಳ ಮುಗಿದು ಬೈಕು ಬಂತು. ಮಗನ ಗೊರಕೆ ಕೇಳಿಸಿತು. ಬೈಕು ಎಲ್ಲಿ ನಿಂತಿತೋ ಲಿಫ್ಟಪ್ಪನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವನ ತಲೆಯೂ ಕೋಟೊಂದರ ಭುಜಕ್ಕೆ ಒರಗಿತ್ತು.

ಬೆಳಕು ಮುಖಕ್ಕೆ ಬಿದ್ದಾಗಲೇ ಅವನಿಗೆ ಎಚ್ಚರ. ಎದುರಿಗೆ ಕೆಳಮನೆಯಮ್ಮ, ಕೈಯಲ್ಲಿ ಬೀಗದ ಕೈ.

"ಎಲ್ಲಿತ್ತು ಆಂಟಿ?"

"ನಿಮ್ಮ ಮಗನ ಚಡ್ಡಿಯೊಳಗೆ. ಎಲ್ಲಿ ಅಂತ ಜಾಸ್ತಿ ಕೇಳ್ಬೇಡಿ. ಮೊದಲು ತೊಳ್ಕೊಂಡು ಆಮೇಲೆ ಬೀಗ ತೆಗ್ದಿದ್ದೀನಿ."

ಗಡಿಯಾರ ಐದಕ್ಕೆ ಹತ್ತೇ ನಿಮಿಷ ತೋರಿಸುತ್ತಿತ್ತು. ಕೇಳಿ ನೋಡಲು ಪುರಸೊತ್ತಿರಲಿಲ್ಲ. ಕಥೆಯಂತೂ ಪೂರ್ತಿ ಓದಿಯಾಗಿತ್ತು. ಲಿಫ್ಟಪ್ಪ ರೆಕಾರ್ಡರಿನಲ್ಲಿದ್ದದ್ದನ್ನು ಇದ್ದ ಹಾಗೇ ಕಂಪನಿಗೆ ಕಳಿಸಿ ಉಸಿರು ಬಿಟ್ಟ.

ಹೆಂಡತಿ ಬಂದು, ಬೀರು ನೋಡಿ, ಹಿಡಿ ಇಲ್ಲದ ಬಾಗಿಲು ನೋಡಿ, ಗಂಡನ ಕೆನ್ನೆಯ ಮೇಲೆ ಕೋಟಿನ ಗುಂಡಿಯ ಗುರುತು ನೋಡಿ ಕೂತಿದ್ದಾಗ ಕಂಪನಿಯಿಂದ ಫೋನು ಬಂತು. ಇವನು ಹೆಂಡತಿಗೂ ಕೇಳಲೆಂದು ದನಿ ಜೋರು ಮಾಡಿಟ್ಟ.

"ಸಾರ್, ಅದ್ಭುತ! ನಮ್ಮ ಸಾಹೇಬ್ರ ಮಗು ಯಾವ ಕಥೆಗೂ ಜಗ್ಗಿಲ್ಲ, ನಿಮ್ಮದಕ್ಕೆ ಮಲಗಿಬಿಡ್ತು. ಸಾಹೇಬ್ರೂ ಮಲಗಿದ್ದಾರೆ, ಎಬ್ಬಿಸೋಕೆ ಆಗ್ತಿಲ್ಲ."

ಲಿಫ್ಟಪ್ಪ ಹೆಂಡತಿಯ ಕಡೆ ಹುಬ್ಬು ಹಾರಿಸಿದ. "ಬಸವನಹುಳು ಸ್ವಲ್ಪ ಭಾವ ಬೇಡುತ್ತೆ, ಅದಕ್ಕೇ..."

"ಬಸವನಹುಳು ಅಲ್ಲ ಸಾರ್. ಅದನ್ನ ಕೇಳಿ ಮಗು ಎದ್ದು ಕುಣಿದಾಡಿತು. ನಾನು ಹೇಳ್ತಿರೋದು ಆಮೇಲೆ ಬರೋ ಪಂಪಿನ ಕಥೆ. ಯಾರು ಸಾರ್ ಆ ಅಮ್ಮ? ಇಪ್ಪತ್ತು ಕಥೆ ಬೇಕು, ಅವರ ನಂಬರ್ ಕೊಡಿ."

ಕತ್ತಲಲ್ಲಿ ತಾನು ರೆಕಾರ್ಡರು ನಿಲ್ಲಿಸಿರಲೇ ಇಲ್ಲ ಎಂಬುದು ಲಿಫ್ಟಪ್ಪನಿಗೆ ಆಗ ಹೊಳೆಯಿತು. ಅವನು ನಂಬರು ಕೊಟ್ಟ. ಹೆಂಡತಿ ತನ್ನ ಅಣ್ಣನಿಗೆ ಫೋನು ಹಚ್ಚಿದಳು.

ಅರ್ಧ ಗಂಟೆಯಲ್ಲಿ ಕೆಳಮನೆಯಮ್ಮ ಮೇಲೆ ಬಂದರು. ಮುಖದಲ್ಲಿ ಕಳೆ. ಕಂಪನಿಯವನು ಏನೆಂದ, ತಾವೇನೆಂದರು, ಅದಕ್ಕೆ ಅವನೇನೆಂದ ಎಂಬುದನ್ನು ಮೊದಲಿನಿಂದ ಹೇಳಲು ತೊಡಗಿದರು. ಮಧ್ಯಾಹ್ನವೆಲ್ಲ ಮಲಗಿ, ಎದ್ದ ಮೇಲೆ ಮನೆಯನ್ನು ರಣರಂಗ ಮಾಡಿದ್ದ ಮಕ್ಕಳಿಬ್ಬರೂ ಸೋಫಾದ ಮೇಲೆ ಮೆಲ್ಲಗೆ ವಾಲಿದರು. ಹೆಂಡತಿ ಆಕಳಿಸಿದಳು.

"ನಿಮ್ಮನ್ನ ಮರೆತಿಲ್ಲ ಕಣ್ರೀ" ಎಂದರು ಆಕೆ ಕೊನೆಗೆ. "ನಿಮಗೂ ಒಂದು ಮಾತು ಇರ್ಲಿ ಅಂತ ಪಟ್ಟು ಹಿಡ್ದೆ. ನನ್ನದೆಲ್ಲ ಮುಗಿದ ಮೇಲೆ 'ಕಥೆ ಮುಗಿಯಿತು' ಅಂತ ನೀವು ಹೇಳ್ಬೇಕು."

"ಕಂಪನಿಯವರು ಒಪ್ಪಿದ್ರಾ?"

"ಓಹೋ. ಅಷ್ಟೊತ್ತಿಗೆ ಕೇಳೋಕೆ ಯಾರೂ ಎಚ್ಚರ ಇರಲ್ಲ, ಯಾರು ಹೇಳಿದ್ರೂ ನಡೆಯುತ್ತೆ ಅಂದ್ರು."

ಒಂದು ಮಾತಾದರೇನು, ಮಾತೇ. ಲಿಫ್ಟಪ್ಪ ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿದ. ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಎರಡು ಪದದಲ್ಲಿ ತುಂಬಿ, ಹೂವಿನ ಮೇಲೆ ಹಿಮ ಬಿದ್ದಷ್ಟು ಮೆತ್ತಗೆ, ಹೇಳಿದ:

"ಕಥೆ... ಮುಗಿಯಿತು."

ಮಗಳು ಧಡಕ್ಕನೆ ಎದ್ದು ಕೂತಳು. ಮಗ ಕಣ್ಣು ಬಿಟ್ಟು, ಸೋಫಾದಿಂದ ಜಾರಿ, ಸೌಟು ಹುಡುಕಿಕೊಂಡು ಅಡುಗೆಮನೆಗೆ ಓಡಿದ. ಅವನ ಹಿಂದೆ ಅವಳೂ ಧಪಧಪ ಓಡಿದಳು.

ಕೆಳಮನೆಯಮ್ಮ ಆ ಸದ್ದನ್ನು ತೃಪ್ತಿಯಿಂದ ಆಲಿಸುತ್ತ ನಿಂತರು.

"ಹೀಗೇ ನಡೆಸ್ಕೊಂಡು ಹೋಗಿ" ಎಂದರು ಲಿಫ್ಟಪ್ಪನಿಗೆ. "ಇನ್ನೂ ಹತ್ತೊಂಬತ್ತು ಕಥೆಗಾಗೋಷ್ಟು ದೂರು ಬೇಕು ನಂಗೆ."