ನಾನು ದೇವಿಯಕ್ಕನನ್ನು ಕತ್ತರಿಸಿದ ಬಗೆ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಬೇರೆಯವರ ಮನೆಯ ಗೋಡೆಯಲ್ಲಿ ಓರೆಯಾದ ಪಟವನ್ನು ನೇರ ಮಾಡುವ ಚಟ. ನನ್ನದು ಅಂಚು ಕತ್ತರಿಸುವ ಚಟ. ಹೊನ್ನಾವರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ವಾರಕ್ಕೆ ಆರು ದಿನ ಸೂಕ್ಷ್ಮದರ್ಶಕದ ದುಂಡನೆಯ ಬೆಳಕಿನೊಳಗೆ ಇಣುಕಿ ಕಣ ಎಣಿಸುವವಳು ನಾನು. ಆ ದುಂಡಿನ ಆಚೆ ಏನಿದ್ದರೂ ಲೆಕ್ಕಕ್ಕಿಲ್ಲ. ಏಳನೆಯ ದಿನ ಕ್ಯಾಮೆರಾ ಹೆಗಲಿಗೇರಿಸಿ ನೀರುಹಕ್ಕಿಗಳ ಬೆನ್ನು ಹತ್ತಿದಾಗಲೂ ಅದೇ ಬುದ್ಧಿ. ಹಕ್ಕಿ ಬೇಕು, ಉಳಿದದ್ದು ಬೇಡ. ನಿಂತ ಹಕ್ಕಿಯೂ ಬೇಡ. ಮೀನು ಹಿಡಿಯುವ, ರೆಕ್ಕೆ ಬಿಚ್ಚುವ, ಇನ್ನೊಂದು ಹಕ್ಕಿಯನ್ನು ಓಡಿಸುವ ಹಕ್ಕಿಯೇ ಬೇಕು.

ಇದಕ್ಕೊಂದು ದಿನಚರಿ ಇಟ್ಟಿದ್ದೇನೆ. ದಿನಾಂಕ, ಉಬ್ಬರದ ನೀರು ಇಳಿದ ಹೊತ್ತು, ತೆಗೆದದ್ದೆಷ್ಟು, ಉಳಿದದ್ದೆಷ್ಟು. ಒಂದು ಭಾನುವಾರದ ಪುಟ ಹೀಗಿದೆ: ಒಟ್ಟು ಮುನ್ನೂರ ಹನ್ನೆರಡು. ಹಕ್ಕಿ ಹಾರಿಹೋದ ಮೇಲಿನ ಬರೀ ನೀರು, ಇನ್ನೂರ ನಲವತ್ತೆರಡು. ಕಾಲು ಮಾತ್ರ, ಅರವತ್ತೊಂದು. ತಲೆಯಿಂದ ಕಾಲಿನವರೆಗೆ ಪೂರ್ತಿ ಹಕ್ಕಿ, ಒಂಬತ್ತು. ಆ ಒಂಬತ್ತರಲ್ಲಿ ಎಂಟು ನಿದ್ದೆ ಮಾಡುತ್ತಿದ್ದವು. ಮುಟ್ಟಳ್ಳಿಯ ಮನೆಗೆ ಮರಳಿ ಚಪ್ಪಲಿ ಬಿಡುವಾಗಲೇ ಅಮ್ಮ ಒಳಗಿನಿಂದ ಕೇಳುತ್ತಾಳೆ, "ಇವತ್ತು ಎಷ್ಟು ಕಾಲು ಸಿಕ್ತೆ?"

ನಾನು ಹೋಗುವುದು ಕುಮಟಾದ ಆಚೆ, ಅಘನಾಶಿನಿ ನದಿ ಸಮುದ್ರ ಸೇರುವ ಮೊದಲು ಅಗಲವಾಗಿ ಮೈಚೆಲ್ಲುವ ಕಡೆ. ನೀರು ಇಳಿದಾಗ ಅಲ್ಲಿ ನೆಲ ಯಾವುದು ಆಕಾಶ ಯಾವುದು ಎಂದು ಹೇಳುವುದು ಕಷ್ಟ. ಕೆಸರು ಕನ್ನಡಿಯಂತೆ ಹೊಳೆಯುತ್ತದೆ. ಬೆಳ್ಳಕ್ಕಿ ಒಂದು ಕಾಲೆತ್ತಿ, ಅದನ್ನು ಎಲ್ಲಿಡುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಮೋಡವೊಂದರ ಮೇಲೆ ಇಡುತ್ತದೆ. ದಂಡೆಯ ಮೇಲೆ ಕುಳಿತ ನನಗೆ ನಾನೂ ನಿಧಾನವಾಗಿ ಕರಗಿ ಆ ನೀರಿಗೆ ಸೇರುತ್ತಿದ್ದೇನೆ ಅನ್ನಿಸುತ್ತದೆ. ಹಾಗೆ ಕರಗುತ್ತಿರುವಾಗಲೇ ಬೆಳ್ಳಕ್ಕಿ ಮೀನು ಹಿಡಿದು ನುಂಗಿಯೂ ಆಗಿರುತ್ತದೆ. ಬರೀ ನೀರಿನ ಇನ್ನೂರ ನಲವತ್ತೆರಡು ಚಿತ್ರ ಬಂದದ್ದು ಹಾಗೆ.

ಅಲ್ಲಿ ನನಗೆ ಒದಗಿಬಂದವರು ದೇವಿಯಕ್ಕ. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಕಾಲಿನಿಂದ ತಡವಿ, ಕೈಯಿಂದ ಕೆಸರಿನಲ್ಲಿ ಹುದುಗಿದ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ಸಾಕಿದ ಬಾತುಕೋಳಿಯಂತೆ ತೇಲುತ್ತ ಹಿಂಬಾಲಿಸುತ್ತದೆ. ಅದರ ಹಿಂದೆ ಬೆಳ್ಳಕ್ಕಿ. ಅವರು ಕೆಸರು ಕಲಕಿದರೆ ಸಣ್ಣ ಮೀನು, ಸಿಗಡಿ ಗಾಬರಿಯಿಂದ ಮೇಲೇಳುತ್ತವೆ, ಹಕ್ಕಿ ಕೊಕ್ಕು ಹಾಕುತ್ತದೆ. ದೇವಿಯಕ್ಕ ಇಲ್ಲದ ಭಾನುವಾರ ಅದು ದೂರದಲ್ಲಿ ಒಂದು ಬಿಳಿ ಚುಕ್ಕೆ. ಅವರಿದ್ದರೆ ಕಣ್ಣಿನ ಹಳದಿಯೂ ಕಾಣುವಷ್ಟು ಹತ್ತಿರ. ಎರಡು ವರ್ಷಗಳಲ್ಲಿ ನನ್ನ ಕಾಲಿನ ಲೆಕ್ಕ ಇಳಿದು ಪೂರ್ತಿ ಹಕ್ಕಿಯ ಲೆಕ್ಕ ಏರಿದ್ದು ಅವರಿಂದಲೇ.

ಮೇ ತಿಂಗಳ ಒಂದು ಭಾನುವಾರ ಅವರು ದಂಡೆಗೆ ಬಂದು ಸೆರಗು ಹಿಂಡುತ್ತ ಹೇಳಿದರು, "ಮಳೆ ಹಿಡಿದ್ರೆ ನಂದು ಮುಗೀತು ತಂಗಿ. ಮುಂದಿನ ವರ್ಷ ನೀರಿಗೆ ಇಳೂದಿಲ್ಲ. ಮೊಣಕಾಲು ಮಾತು ಕೇಳೂದಿಲ್ಲ." ಸೊಂಟದ ಹಗ್ಗ ಬಿಚ್ಚುತ್ತ ಮತ್ತೆ ಹೇಳಿದರು, "ನಂದು ಒಂದು ಫೋಟೋ ಕೊಡು. ಮನೇಲಿ ಇರೂದೆಲ್ಲ ಮದುವೆ ಮನೇದು. ಎಲ್ಲದ್ರಲ್ಲೂ ಕಂಬದ ಹಾಂಗೆ ನಿಂತದ್ದೇಯ. ಕೆಲಸ ಮಾಡಿದ್ದು ಒಂದೂ ಇಲ್ಲ. ಇಷ್ಟು ವರ್ಷ ಎಂತ ಮಾಡಿದೆ ಅಂತ ಮೊಮ್ಮಗಳಿಗೆ ತೋರಿಸ್ಲಿಕ್ಕಾದ್ರೂ ಬೇಕು."

"ಒಂದೇ ಯಾಕೆ ಅಕ್ಕ? ನನ್ನ ಹತ್ತಿರ ನೂರಾರು ಇವೆ!" ಎಂದೆ, ದಾನಶೂರೆಯಂತೆ.

ಮನೆಗೆ ಬಂದು ಹುಡುಕಿದೆ. ದಿನಾಂಕವಾರು ಜೋಡಿಸಿಟ್ಟ ಇನ್ನೂರ ಹದಿನಾಲ್ಕು ಬೆಳ್ಳಕ್ಕಿಗಳು. ಒಂದರಲ್ಲೂ ದೇವಿಯಕ್ಕ ಇಲ್ಲ. ಹಕ್ಕಿಯ ಸುತ್ತ ನಾಲ್ಕೇ ಬೆರಳು ಜಾಗ ಬಿಟ್ಟು ಎಲ್ಲವನ್ನೂ ನಾನೇ ಕತ್ತರಿಸಿದ್ದೆ. ಕತ್ತರಿಸಿದ ಮೇಲೆ ಮೂಲ ಚಿತ್ರವನ್ನು ಅಳಿಸುವುದು ನನ್ನ ನಿಯಮ, ಒಂದು ಹಕ್ಕಿಗೆ ಎರಡು ಚಿತ್ರವಿದ್ದರೆ ಲೆಕ್ಕ ತಪ್ಪುತ್ತದಲ್ಲ! ನನ್ನ ಶಿಸ್ತನ್ನು ಮೆಚ್ಚುತ್ತ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಏಳರಲ್ಲಿ ಪಾತ್ರೆಯ ಅಂಚು. ಮೂರರಲ್ಲಿ ಮೊಣಕೈ. ಉಳಿದವುಗಳಲ್ಲಿ ಯಾರೋ ನಡೆದುಹೋದರೆಂದು ಹೇಳುವ ಅಲೆಯ ಉಂಗುರಗಳು ಮಾತ್ರ. ಅಮ್ಮ ಹಿಂದೆ ನಿಂತು ನೋಡಿ, "ಹಕ್ಕಿದು ಕಾಲಾದ್ರೂ ಬರ್ತಿತ್ತು. ಅವರದ್ದು ಅದೂ ಇಲ್ಯಲೆ!" ಎಂದಳು.

ಮುಂದಿನ ಭಾನುವಾರದೊಳಗೆ ಮಳೆ ಬಂದರೆ? ಆ ವಾರವಿಡೀ ಸೂಕ್ಷ್ಮದರ್ಶಕಕ್ಕಿಂತ ಕಿಟಕಿಯ ಮೋಡವನ್ನೇ ಹೆಚ್ಚು ನೋಡಿದೆ. ಪುಣ್ಯಕ್ಕೆ ಮಳೆ ಬರಲಿಲ್ಲ. ದಂಡೆಯಲ್ಲಿ ನಿಂತು ದೇವಿಯಕ್ಕನಿಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನನ್ನೇ ನೋಡಿದರು. "ಎರಡು ವರ್ಷ ನನ್ನ ಎದುರಿಗೇ ಕೂತಿದ್ಯಲೆ?" ಎಂದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

ಕ್ಯಾಮೆರಾ ಎತ್ತಿದ ಕೂಡಲೇ ಅವರು ನೀರಿನ ನಡುವೆ ಸೆರಗು ಹೊದ್ದು ಕಂಬವಾದರು.

"ಅಕ್ಕ, ನನ್ನನ್ನು ನೋಡಬೇಡಿ. ಕೆಲಸ ಮಾಡಿ."

"ಮಾಡ್ತೆ ಮಾರಾಯ್ತಿ. ನೀನು ಮೊದ್ಲು ಸರಿ ಹಿಡಿ."

ಅವರು ಬಗ್ಗಿದರು. ಹಗ್ಗ ಬಿಗಿಯಾಯಿತು, ಪಾತ್ರೆ ತೇಲಿತು, ಕೆಸರು ಹೊಗೆಯಂತೆ ಎದ್ದಿತು. ಬೆಳ್ಳಕ್ಕಿ ಎಲ್ಲಿಂದಲೋ ಇಳಿದು ಬಂದು ಎರಡೂ ರೆಕ್ಕೆ ಬಿಚ್ಚಿ, ಅವರ ಹೆಗಲ ಹಿಂದೆಯೇ ಒಂದು ಮೀನನ್ನು ಗಾಳಿಗೆ ಎಸೆಯಿತು. ಮೀನು ಬೀಳುವ ಮೊದಲೇ ಕ್ಲಿಕ್ಕಿಸಿದೆ. ಎರಡು ವರ್ಷ ಕನಸಿನಲ್ಲೂ ಸಿಗದ ಚಿತ್ರ ಅದು. ಅಂಚು ಮುಟ್ಟದೆ ಇಡೀ ಚಿತ್ರವನ್ನು ಅಚ್ಚು ಹಾಕಿಸಿ, ಮಳೆ ಹಿಡಿದ ಮೇಲೆ ಅವರ ಮನೆಗೆ ಕೊಂಡುಹೋದೆ.

ದೇವಿಯಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾನು ಚಂದ ಬಂದೆ," ಎಂದರು. ಆಮೇಲೆ ಬೆರಳಿಟ್ಟು, "ಇದು ಎಂತಕ್ಕೆ ಇಲ್ಲಿ? ವರ್ಷಪೂರ್ತಿ ನನ್ನ ಬೆನ್ನ ಹಿಂದೆ ತಿಂದದ್ದು ಸಾಲ್ದೆ ಫೋಟೋಕ್ಕೂ ಬಂತಾ? ಇದನ್ನ ಕತ್ತರಿಸಿ ಕೊಡು."

ನಾನು ಹಕ್ಕಿಯ ಪರವಾಗಿ ಹತ್ತು ನಿಮಿಷ ಮಾತಾಡಿದೆ. ಬೆಳಕು, ಕ್ಷಣ, ಗಾಳಿಯಲ್ಲಿರುವ ಮೀನು, ಅಂಚು ಮುಟ್ಟಿದರೆ ಚಿತ್ರವೇ ಸಾಯುತ್ತದೆ ಎಂದೆಲ್ಲ. "ನಿಂಗೆ ಕತ್ತರಿಸ್ಲಿಕ್ಕೆ ಬತ್ತದ್ಯಲೆ?" ಎಂದು ಮಾತ್ರ ಅವರು ಕೇಳಿದರು.

ಕತ್ತರಿಸಿದೆ. ಮೀನು ಹೋಯಿತು, ಕೊಕ್ಕು ಹೋಯಿತು. ಆದರೆ ಅವರ ಹೆಗಲ ಮೇಲಿನ ಒಂದು ಬೆರಳಿನಷ್ಟು ರೆಕ್ಕೆಯ ತುದಿಯನ್ನು ತೆಗೆಯಲು ಕೈ ಬರಲಿಲ್ಲ. ಹೊಸ ಪ್ರತಿ ಕೊಟ್ಟಾಗ ಅವರ ಬೆರಳು ನೇರ ಅಲ್ಲಿಗೇ ಹೋಯಿತು.

"ಇದು ಬೆಳ್ಳಗೆ ಎಂತದು?"

"ಬೆಳಕು ಅಕ್ಕ," ಎಂದೆ.

ಅವರು ಚಿತ್ರವನ್ನು ಮೂಗಿನ ಹತ್ತಿರ ತಂದರು. "ನಿನ್ನ ಬೆಳಕಿಗೆ ಗರಿ ಬಂದದ್ಯಲೆ ತಂಗಿ!"

ನಾನು ತಲೆ ಬಗ್ಗಿಸಿ ಹೆಗಲಲ್ಲಿದ್ದ ಕ್ಯಾಮೆರಾದ ಮುಚ್ಚಳ ಹುಡುಕತೊಡಗಿದೆ. ಅದು ಕ್ಯಾಮೆರಾದ ಮೇಲೇ ಇತ್ತು.