ಬಣ್ಣ ನನ್ನದು, ವಾರಸುದಾರರು ಊರೆಲ್ಲ

ಬೋರ್ಡಿನ ಮೇಲಿನ ಬಣ್ಣ ಒಣಗುವುದಕ್ಕೆ ಒಂದು ದಿನ ಬೇಕು. ಆ ಚಿತ್ರ ತನ್ನದು ಎಂದು ಹೇಳಿಕೊಂಡು ಬರುವವನಿಗೆ ಅಷ್ಟು ಹೊತ್ತೂ ಬೇಡ.

ಮೊನ್ನೆ ನನ್ನ ಅಳಿಯನ ಬೀಜದಂಗಡಿಯ ವೆಬ್‌ಸೈಟಿಗೆ ಎಲ್ಲಿಂದಲೋ ಒಂದು ನೋಟಿಸು ಬಂತಂತೆ. ಅದರಲ್ಲಿ ಹಾಕಿದ್ದ ಸೂರ್ಯಕಾಂತಿ ಹೂವಿನ ಫೋಟೊ ತಮ್ಮದು, ದಂಡ ಕಟ್ಟಬೇಕು ಅಂತ. ಅಳಿಯ ಊಟ ಬಿಟ್ಟು ಕುಳಿತ. ನನಗೆ ನಗು ತಡೆಯಲಾಗಲಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಸಿಂಧನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಬೋರ್ಡು ಬರೆಯುವ ಅಂಗಡಿ ಇಟ್ಟಿದ್ದವನು ನಾನು. ಮಸ್ಕಿ, ಲಿಂಗಸುಗೂರಿಗೂ ನನ್ನ ಬ್ರಷ್ಷೇ ಹೋಗುತ್ತಿತ್ತು. ಇಂಥ ವಾರಸುದಾರರನ್ನು ನಾನು ಕಂಡಷ್ಟು ಇನ್ನು ಯಾರೂ ಕಂಡಿರಲಿಕ್ಕಿಲ್ಲ.

ಎಮ್ಮೆಗೆ ಹತ್ತಿದ ದೃಷ್ಟಿ

ಮಸ್ಕಿಯ ಹಾಲಿನಂಗಡಿಗೆ ಒಂದು ಎಮ್ಮೆ ಬರೆದುಕೊಟ್ಟೆ. ಹಿಂಡಿ ಚೀಲದ ಮೇಲಿದ್ದ ಎಮ್ಮೆಯನ್ನು ನೋಡಿ ಬರೆದದ್ದು. ಹಣೆಯ ಮೇಲೆ ಬಿಳಿ ಚುಕ್ಕೆಯೊಂದನ್ನು ಮಾತ್ರ ನಾನೇ ಇಟ್ಟೆ, ಚೆಂದ ಕಾಣಲಿ ಅಂತ. ಕೆಚ್ಚಲನ್ನು ತುಸು ದೊಡ್ಡದು ಮಾಡಿದೆ, ಅದು ಅಂಗಡಿ ಮಾಲಕನ ಆಸೆ.

ವಾರದೊಳಗೆ ಸಂತೆಕಲ್ಲೂರಿನ ರೈತನೊಬ್ಬ ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಮಾಲಕ ನನಗೆ ಹೇಳಿಕಳಿಸಿದ. ನಾನು ಹೋದೆ.

"ಇದು ನಮ್ಮ ಎಮ್ಮಿ" ಅಂದ ರೈತ.

"ಯಪ್ಪಾ, ಇದು ಹಿಂಡಿ ಚೀಲದ ಮ್ಯಾಲಿನ ಎಮ್ಮಿ."

"ಹಣಿ ಮ್ಯಾಲಿನ ಬಿಳಿ ಚುಕ್ಕಿ?"

"ಅದನ್ನ ನಾ ಇಟ್ಟೀನಿ."

"ನಮ್ಮ ಎಮ್ಮಿಗೆ ದೇವ್ರು ಇಟ್ಟಾನ. ಅದನ್ನ ನೋಡೇ ನೀ ಇಟ್ಟೀದಿ."

ಅವನಿಗೆ ಬೇಕಾದದ್ದು ದಂಡವಲ್ಲ. ಚಿತ್ರ ಬರೆದಂದಿನಿಂದ ಅವನ ಎಮ್ಮೆ ಹಾಲು ಕಡಿಮೆ ಮಾಡಿತ್ತು. ಬಸ್ಸಿನಲ್ಲಿ ಹೋಗಿಬರುವವರೆಲ್ಲ ದಿನವೂ ಅದರ ಕೆಚ್ಚಲು ನೋಡಿದರೆ ದೃಷ್ಟಿ ಆಗದೆ ಇರುತ್ತದೆಯೇ ಎಂಬುದು ಅವನ ವಾದ. ಚಿತ್ರ ಅಳಿಸಲೇಬೇಕು. ಹೊಸ ಬೋರ್ಡು ಅಳಿಸುವುದಕ್ಕೆ ಮಾಲಕ ಒಪ್ಪಲಿಲ್ಲ. ಮರುದಿನ ರೈತ ಎಮ್ಮೆಯನ್ನೇ ಸಾಕ್ಷಿಗೆ ಹೊಡೆದುಕೊಂಡು ಬಂದ. ಅರ್ಧ ಮಸ್ಕಿ ಸೇರಿತು. ಎಮ್ಮೆ ಒಂದು ಸಲ ಬೋರ್ಡನ್ನು ನೋಡಿತು, ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ ಅಲ್ಲೇ ಸೆಗಣಿ ಹಾಕಿತು. ನನ್ನ ಕೆಲಸದ ಬಗ್ಗೆ ಅಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ.

ಕಡೆಗೆ ನಾನೇ ದಾರಿ ಹುಡುಕಿದೆ. "ದೃಷ್ಟಿ ಚಿತ್ರದಿಂದ ಬಂದದ ಅಂದ್ರ, ಚಿತ್ರದಾಗೇ ತಗಿಯೂಣು" ಅಂದೆ. ಬೋರ್ಡಿನ ಎಮ್ಮೆಯ ಕೊರಳಿಗೆ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಬರೆದೆ. ರೈತ ಕೈಮುಗಿದು ಹೋದ. ಏನಾಯಿತೋ ಏನೋ, ಎಮ್ಮೆ ಮತ್ತೆ ಸರಿಯಾಗಿ ಹಾಲು ಕೊಡತೊಡಗಿತು!

ಸುದ್ದಿ ಸುತ್ತಲಿನ ಹಳ್ಳಿಗೆಲ್ಲ ಹಬ್ಬಿತು. "ಆ ಎಮ್ಮಿ ಖರೇ ನೋಡಿದ್ರ ನಮ್ದು ಐತ್ರಿ. ಅಳಿಸೂದೇನು ಬ್ಯಾಡ, ನಮ್ಮ ಹೆಸರಿಲೆ ಒಂದು ನಿಂಬಿಹಣ್ಣು ಕಟ್ರಿ" ಎಂದು ಒಬ್ಬೊಬ್ಬರೇ ಬರತೊಡಗಿದರು. ನಾನೂ ಕಟ್ಟುತ್ತಾ ಹೋದೆ. ದೀಪಾವಳಿ ಹೊತ್ತಿಗೆ ಬೋರ್ಡಿನಲ್ಲಿ ಎಮ್ಮೆಯ ಕೊಂಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಊರಿಗೆ ಹೊಸಬರಾದವರು ಹಾಲಿನಂಗಡಿಗೆ ಬಂದು, "ಉಪ್ಪಿನಕಾಯಿ ಹ್ಯಾಂಗ ಕೊಟ್ರಿ?" ಎಂದು ಕೇಳುತ್ತಿದ್ದರು.

ಹುಲಿಯ ತಂದೆ

ಸಿಂಧನೂರಿನಲ್ಲಿ ನನಗೊಬ್ಬ ಎದುರಾಳಿ ಪೇಂಟರ್ ಇದ್ದ. ನಾನು ಯಾವ ಚಿತ್ರ ಬರೆದರೂ ಅದು ಅವನದ್ದನ್ನು ಕದ್ದದ್ದು ಎಂದು ಚಹಾದಂಗಡಿಯಲ್ಲಿ ಕುಳಿತು ಹೇಳುವುದು ಅವನ ದಿನದ ಕೆಲಸ.

ಬಳಗಾನೂರಿನ ಭತ್ತದ ಸಾಹುಕಾರರೊಬ್ಬರ ಟ್ರಾಕ್ಟರಿನ ಟ್ರೇಲರು ನನ್ನ ಹತ್ತಿರ ಬಂತು. ಡ್ರೈವರ್ ತಂದು ಬಿಟ್ಟು, "ಹಿಂದ ಒಂದು ಹುಲಿ ಬರೀರಿ" ಎಂದು ಹೇಳಿ ಹೋದ. ಅವಸರದಲ್ಲಿ ಬರೆದುಕೊಟ್ಟೆ. ಒಂದೆರಡು ದಿನ ಕಳೆಯಿತು. ಚಹಾದಂಗಡಿಯಲ್ಲಿ ಎದುರಾಳಿ ಎದ್ದು ನಿಂತ.

"ಆ ಹುಲಿ ನಂದು! ಕಣ್ಣು ನಂದು, ಮೀಸಿ ನಂದು, ಬಾಲ ನಂದು! ನನ್ನ ಲಾರಿ ಮ್ಯಾಲಿನ ಹುಲೀನ ಇವ ಹಂಗಿಂದ ಹಂಗ ಎತ್ಯಾನ. ಬೇಕಾದ್ರ ಮಗನ ಮ್ಯಾಲ ಆಣಿ ಇಡ್ತೀನಿ!"

ಜಗಳಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಳಗಾನೂರಿನ ಸಾಹುಕಾರರೇ ಬುಲೆಟ್ಟಿನಿಂದ ಇಳಿದರು. ಮುಖ ಕೆಂಪಾಗಿತ್ತು.

"ನನ್ನ ಟ್ರೇಲರಿಗೆ ಹುಲಿ ಬರದಾಂವ ಯಾಂವಲೇ? ಭತ್ತ ನಾಟಿ ಮಾಡೋ ಹೆಣ್ಮಕ್ಕಳು ನನ್ನ ಗಾಡಿ ಕಂಡ್ರ ಮ್ಯಾಂವ್ ಅಂತಾರ! ನಿನ್ನೆ ಒಬ್ಬಾಕಿ ಬಟ್ಟಲದಾಗ ಹಾಲು ತಂದು ಇಟ್ಟಾಳ!"

ನಾನು ಚಹಾ ಬಶಿಗೆ ಸುರುವಿಕೊಂಡು ತಣ್ಣಗೆ ಹೇಳಿದೆ, "ಸಾಹುಕಾರ್ರೇ, ಇವರು ಮಗನ ಮ್ಯಾಲ ಆಣಿ ಇಡಾಕತ್ತಾರ, ನಾ ಹ್ಯಾಂಗ ಇಲ್ಲ ಅನ್ಲಿ? ಹುಲಿ ಅವರದೇ."

ಆ ಹುಲಿಯನ್ನು ಅವನು ಬಿಸಿಲಲ್ಲಿ ಕುಳಿತು ಪುಕ್ಕಟೆ ತಿದ್ದಿಕೊಟ್ಟ. ಕೆಂಪು ಬಣ್ಣ ಸಾಲದಾಗಿ ನನ್ನಲ್ಲೇ ಕೇಳಿ ತೆಗೆದುಕೊಂಡು ಹೋದ.

ಪುಕ್ಕಟೆ ಕ್ಷೌರ

ಲಿಂಗಸುಗೂರಿನ ಕಟಿಂಗ್ ಸಲೂನಿಗೆ ಒಬ್ಬ ಚೆಲುವನ ಮುಖ ಬರೆದೆ. ದಟ್ಟ ಕೂದಲು, ಹಣೆಯ ಮೇಲೊಂದು ಸುರುಳಿ, ತೆಳು ಮೀಸೆ. ಬ್ಲೇಡಿನ ಪೊಟ್ಟಣದ ಮೇಲಿದ್ದ ಮುಖ ಅದು.

ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ತರುಣನೊಬ್ಬ ರಾತ್ರಿ ಪಾಳಿ ಮುಗಿಸಿ, ಕೂದಲು ಕತ್ತರಿಸಿಕೊಳ್ಳಲು ಬಂದವನು ಬೋರ್ಡು ನೋಡಿ ಅಲ್ಲೇ ನಿಂತುಬಿಟ್ಟ. "ಇದು ನನ್ನ ಮುಖ. ಹೇಳ್ದೆ ಕೇಳ್ದೆ ಹಾಕೀರಿ. ನನ್ನ ಮುಖದ ಮ್ಯಾಲ ನೀವು ವ್ಯಾಪಾರ ಮಾಡಾಕತ್ತೀರಿ" ಅಂದ. ಹೋಲಿಕೆ ಅಂತ ಇದ್ದರೆ, ಇಬ್ಬರಿಗೂ ಒಂದೊಂದೇ ಮೂಗು ಇತ್ತು, ಅಷ್ಟೇ. ಆದರೆ ಸಲೂನಿನವನು ಜಗಳಕ್ಕೆ ಹೆದರುವ ಮನುಷ್ಯ. "ಆತ್ರಿ, ನಿಮಗ ಕಟಿಂಗು ದಾಡಿ ಎಲ್ಲಾ ಪುಕ್ಕಟೆ" ಎಂದು ಒಪ್ಪಿಬಿಟ್ಟ.

ತರುಣ ವರ್ಷಗಟ್ಟಲೆ ಅಲ್ಲಿಗೇ ಬಂದ. ಬಂದಾಗಲೆಲ್ಲ ಕುಳಿತ ಗಿರಾಕಿಗಳಿಗೆ ಬೋರ್ಡು ತೋರಿಸಿ, "ಅದು ನಾನೇ" ಎನ್ನುತ್ತಿದ್ದ. ಬರಬರುತ್ತಾ ಅವನ ಕೂದಲು ಉದುರತೊಡಗಿತು. ಮೊದಲು ಸುರುಳಿ ಹೋಯಿತು. ಆಮೇಲೆ ಸುರುಳಿ ಇದ್ದ ಜಾಗವೇ ಬೋಳಾಯಿತು. ಆದರೂ ಅವನು "ಅದು ನಾನೇ" ಎನ್ನುವುದನ್ನು ಬಿಡಲಿಲ್ಲ. ಗಿರಾಕಿಗಳು ಬೋರ್ಡನ್ನೊಮ್ಮೆ ನೋಡುವರು, ಅವನ ತಲೆಯನ್ನೊಮ್ಮೆ ನೋಡುವರು, ಮೆಲ್ಲಗೆ ಎದ್ದು ಎದುರಿನ ಸಲೂನಿಗೆ ಹೋಗುವರು.

ಒಂದು ದಿನ ನಾನು ಅಲ್ಲೇ ಇದ್ದೆ. ಸಲೂನಿನವನು ಅವನ ಕೈ ಹಿಡಿದುಕೊಂಡು ಬೇಡಿಕೊಂಡ, "ಸಾಹೇಬ್ರ, ಇಷ್ಟು ದಿನ ಈ ಮುಖ ನಿಮ್ದು ಅಂತ ಪುಕ್ಕಟೆ ಮಾಡೀನಿ. ಇನ್ನ ಮ್ಯಾಲ ನಿಮ್ದಲ್ಲ ಅನ್ರಿ. ಸಾಯೂತನಕ ಪುಕ್ಕಟೆ ಮಾಡ್ತೀನಿ!"

ಕಂಪನಿಯವರು ಬಂದರು

ಇಲ್ಲಿಯ ತನಕ ಬಂದವರೆಲ್ಲ ನಮ್ಮವರೇ. ನಿಜವಾಗಿ ನಾನು ಹೆದರಿದ್ದು ಸಫಾರಿ ಹಾಕಿಕೊಂಡು, ಕೈಯಲ್ಲಿ ಸೂಟ್‌ಕೇಸು ಹಿಡಿದುಕೊಂಡು ಒಬ್ಬ ಸಿಂಧನೂರಿನಲ್ಲಿ ಇಳಿದಾಗ. ಬೊಂಬಾಯಿಯ ಯಾವುದೋ ಕ್ಯಾಲೆಂಡರು ಚಿತ್ರದ ಕಂಪನಿಯ ಏಜೆಂಟ್ ಅಂತೆ. ಅಂಗಡಿ ಅಂಗಡಿಗೆ ಹೋಗಿ ಬೋರ್ಡು ನೋಡುವುದು, "ಈ ಚಿತ್ರದ ಸಂಪೂರ್ಣ ಹಕ್ಕು ನಮ್ಮ ಕಂಪನಿಯದು. ಕಾಪಿರೈಟ್ ಇದೆ. ದಂಡ ಕಟ್ಟಿ, ಇಲ್ಲವೇ ಬೊಂಬಾಯಿ ಕೋರ್ಟಿಗೆ ನಡೆಯಿರಿ" ಎನ್ನುವುದು. ಬಟ್ಟೆ ಅಂಗಡಿಯ ಸೀರೆಯ ಹೆಂಗಸೂ ಅವನ ಕಂಪನಿಯದೇ, ಸೋಡಾ ಅಂಗಡಿಯ ದ್ರಾಕ್ಷಿ ಗೊಂಚಲೂ ಅವನ ಕಂಪನಿಯದೇ.

ಬೊಂಬಾಯಿ ಕೋರ್ಟು ಅಂದರೆ ಯಾರಿಗೆ ಭಯ ಇಲ್ಲ? ಕೆಲವರು ಕೊಟ್ಟು ಕೈತೊಳೆದುಕೊಂಡರು. ಬಟ್ಟೆ ಅಂಗಡಿಯವರು ಬೋರ್ಡಿಗೆ ಗೋಣಿಚೀಲ ಕಟ್ಟಿಬಿಟ್ಟರು. ಎಲ್ಲರೂ ನನ್ನ ಹತ್ತಿರ ಬಂದು, "ಚಿತ್ರ ಅಳಿಸು ಮಾರಾಯ, ಬರೇ ಅಕ್ಷರ ಇರಲಿ" ಅನ್ನತೊಡಗಿದರು. ಅಕ್ಷರ ಯಾರು ಬೇಕಾದರೂ ಬರೆಯುತ್ತಾರೆ, ನನ್ನ ಅನ್ನ ಇದ್ದದ್ದೇ ಚಿತ್ರದಲ್ಲಿ. ಇನ್ನೊಂದು ವಾರ ಹೀಗೇ ನಡೆದಿದ್ದರೆ ನಾನು ಅಂಗಡಿಗೆ ಬೀಗ ಹಾಕಬೇಕಿತ್ತು. ಎದುರು ಮಾತಾಡೋಣ ಅಂದರೆ, ಕ್ಯಾಲೆಂಡರು, ಪೊಟ್ಟಣ ಮುಂದಿಟ್ಟುಕೊಳ್ಳದೆ ಬೋರ್ಡು ಬರೆಯುವ ಪೇಂಟರ್ ನಮ್ಮ ಸೀಮೆಯಲ್ಲೇ ಇರಲಿಲ್ಲ. ಯಾವುದು ಯಾರದೋ ನನಗೇ ಗೊತ್ತಿರಲಿಲ್ಲ.

ಅವನು ಕಡೆಗೆ ಬಂದದ್ದು ಬಸ್ ಸ್ಟ್ಯಾಂಡಿನ ಪಕ್ಕದ ಖಾನಾವಳಿಗೆ. ನಾನು ಅಲ್ಲೇ ಊಟಕ್ಕೆ ಕುಳಿತಿದ್ದೆ. ಆ ಖಾನಾವಳಿ ನಡೆಸುತ್ತಿದ್ದವಳು ಮುಖ ನೋಡಿ ಮಾತಾಡುವವಳಲ್ಲ, ಇದ್ದದ್ದನ್ನು ಇದ್ದಂಗೆ ಹೇಳುವವಳು. ಬೋರ್ಡಿನ ಮೇಲೆ ಜೋಳದ ರೊಟ್ಟಿ ಬಡಿಯುತ್ತಿರುವ ಒಬ್ಬ ಮುದುಕಿಯ ಚಿತ್ರವಿತ್ತು. ಅದೊಂದು ಮಾತ್ರ ನಾನು ಯಾವ ಕ್ಯಾಲೆಂಡರನ್ನೂ ನೋಡದೆ ಬರೆದದ್ದು. ಅದು ಅವಳ ಅತ್ತೆ. "ಒಳಗಂತೂ ಬಾಯಿ ಮುಚ್ಚೂದಿಲ್ಲ. ಬೋರ್ಡಿನ ಮ್ಯಾಲರ ಸುಮ್ಮ ಕುಂದರ್ಲಿ, ಬರಿ ಅಣ್ಣಾ" ಎಂದು ಅವಳೇ ಬರೆಸಿದ್ದಳು.

ಏಜೆಂಟನಿಗೆ ಇದೇನು ಗೊತ್ತು? ಹೊಟ್ಟೆ ತುಂಬ ಉಂಡು, ಕೈ ಒರೆಸಿಕೊಂಡು, ಬೋರ್ಡಿನ ಕಡೆ ಬೆರಳು ಮಾಡಿದ.

"ಈ ಮುದುಕಿ ನಮ್ಮ ಕಂಪನಿಯ ಆಸ್ತಿ."

ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನಂದ್ರಿ?"

"ಈ ಮುದುಕಿಯ ಮೇಲಿನ ಸಂಪೂರ್ಣ ಹಕ್ಕನ್ನು ನಮ್ಮ ಕಂಪನಿ ಖರೀದಿ ಮಾಡಿದೆ. ನಮ್ಮ ಅನುಮತಿ ಇಲ್ಲದೆ ನೀವು ಇವಳನ್ನು ಇಟ್ಟುಕೊಳ್ಳುವಂತಿಲ್ಲ."

"ಖರೇನಾ?"

"ಬೇಕಾದರೆ ಬರೆದುಕೊಡುತ್ತೇನೆ."

ಸೊಸೆಯ ಮುಖ ಅರಳಿತು. ಅಷ್ಟು ವರ್ಷದಲ್ಲಿ ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಒಳಗೆ ತಿರುಗಿ ಜೋರಾಗಿ ಕೂಗಿದಳು, "ಅತ್ತೀ! ನಿಮ್ಮ ಕಂಪನಿಯವ್ರು ಬಂದಾರ! ಸೀರಿ ಗಂಟು ಕಟ್ಟ್ರಿ!"

ಒಳಗಿನಿಂದ ಬಗಲಲ್ಲಿ ಗಂಟು ಹಿಡಿದು, ಕೋಲೂರಿಕೊಂಡು ಮುದುಕಿ ಬಂದಳು. ಅದೇ ಮುಖ, ಅದೇ ಮೂಗುಬೊಟ್ಟು, ಕೈಯಲ್ಲಿ ಅದೇ ಹಸಿರು ಬಳೆ. ಏಜೆಂಟ್ ಬೋರ್ಡು ನೋಡಿದ, ಮುದುಕಿಯನ್ನು ನೋಡಿದ. ಉಂಡದ್ದೆಲ್ಲ ಬೆವರಾಗಿ ಇಳಿಯಿತು.

"ಎಲ್ಲಿಗವ್ವಾ?" ಅಂದಳು ಮುದುಕಿ.

"ಬೊಂಬಾಯಿಗೆ. ಇವ್ರು ನಿಮ್ಮನ್ನ ಖರೀದಿ ಮಾಡ್ಯಾರ. ನಾ ಇಟ್ಕೊಂಡ್ರ ಕೋರ್ಟಿಗೆ ಎಳೀತಾರಂತ."

ಮುದುಕಿ ಏಜೆಂಟನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನಗ ಬದನಿಕಾಯಿ ಆಗೂದಿಲ್ಲ. ಮುಂಜಾನಿ ಎದ್ದ ಕೂಡ್ಲೇ ಬಿಸಿ ನೀರು ಬೇಕು. ಸಂಜಿಕ ಕಾಲು ಒತ್ತಾಕ ಮನಿಯಾಗ ಯಾರ ಅದಾರೋ ತಮ್ಮಾ?"

"ಅಮ್ಮಾ, ಅದು... ನಾನು ಹೇಳಿದ್ದು ಚಿತ್ರಕ್ಕೆ..."

"ಚಿತ್ರ ಬ್ಯಾರೆ, ನಾ ಬ್ಯಾರೆ ಏನು? ನಡಿ ನಡಿ, ಬಸ್ಸು ತಪ್ಪತೈತಿ." ಮುದುಕಿ ಅವನ ಸೂಟ್‌ಕೇಸಿನ ಮೇಲೆ ತನ್ನ ಗಂಟು ಇಟ್ಟೇಬಿಟ್ಟಳು.

ಅಷ್ಟರಲ್ಲಿ ಅಂಗಡಿಯವರೆಲ್ಲ ಸೇರಿದ್ದರು. ಬಟ್ಟೆ ಅಂಗಡಿಯವರು ಕೂಗಿದರು, "ನಮ್ಮ ಸೀರಿ ಹೆಣ್ಮಗಳನ್ನೂ ಕರಕೊಂಡು ಹೋಗ್ರಿ! ಮೊದ್ಲು ನಿಮ್ಮ ಕಂಪನಿ ಕಾಗದ ತೋರಸ್ರಿ!" ಕಾಗದ ಎಲ್ಲಿಯದು? ಏಜೆಂಟ್ ತೆಗೆದುಕೊಂಡ ದಂಡವನ್ನೆಲ್ಲ ಅಲ್ಲೇ ಟೇಬಲ್ಲಿನ ಮೇಲೆ ಸುರುವಿ, ಗಂಟಿನ ಕೆಳಗಿನಿಂದ ಸೂಟ್‌ಕೇಸು ಎಳೆದುಕೊಂಡು, ಹೊರಟಿದ್ದ ಬಸ್ಸಿಗೆ ಓಡಿ ಜಿಗಿದ. ಅದು ಎಲ್ಲಿಗೆ ಹೋಗುವ ಬಸ್ಸು ಎಂದೂ ನೋಡಲಿಲ್ಲ. "ಏ ತಮ್ಮಾ! ನನ್ನ ಬಿಟ್ಟು ಹೊಂಟ್ಯೇನೋ!" ಎಂದು ಮುದುಕಿ ಕೋಲೆತ್ತಿ ಕೂಗುತ್ತಿದ್ದಳು. ಅಂದು ಖಾನಾವಳಿಯಲ್ಲಿ ನಕ್ಕ ನಗುವಿಗೆ ನನ್ನ ಹೊಟ್ಟೆ ಎರಡು ದಿನ ನೋಯಿತು. ಸಂಜೆಯೊಳಗೆ ಬಟ್ಟೆ ಅಂಗಡಿಯ ಗೋಣಿಚೀಲ ಬಿಚ್ಚಿತು, ನನ್ನ ಅನ್ನವೂ ಉಳಿಯಿತು.

ಸೊಸೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಮುದುಕಿ ಗಂಟು ಬಗಲಲ್ಲಿ ಇಟ್ಟುಕೊಂಡು ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಹೇಳಿದಳು:

"ಲೇ ಪೇಂಟರಾ, ನಾಳಿಗೆ ಬಂದು ನನ್ನ ಮಗ್ಗಲಾಗ ಆಕಿನ್ನೂ ಬರಿ. ಮುಂದಿನ ಸಲ ಕಂಪನಿಯವ್ರು ಬಂದ್ರ ಆಕಿನ್ನ ಒಯ್ಯಲಿ."